ಹೆಪ್ಪು ಕೊಡದ ಬೀದಿ

ಕಾಯಿಲೆಯಿಂದ ಎದ್ದವರು ಬರೆಯಲು ಕುಳಿತರೆ ಮೊದಲು ದೇವರು ದೊಡ್ಡವನು ಎನ್ನುತ್ತಾರೆ. ದೊಡ್ಡವನೇ, ನಾನೂ ಹೇಳುತ್ತೇನೆ. ನಮ್ಮ ತಂದೆ ಬೇಲೂರಿನ ದೇವಸ್ಥಾನದ ಅಡಿಗೆಮನೆಯಲ್ಲಿ ಪ್ರಸಾದ ಬೇಯಿಸಿದವರು. ಕೇಶವನ ಅನ್ನ ತಿಂದು ಬೆಳೆದವಳು ಬೇರೆ ಏನು ಹೇಳಿಯೇನು? ಆದರೆ ಆ ದಿನಗಳನ್ನು ನೆನೆದರೆ, ಕೆಮ್ಮಿಗಿಂತ ಮೊದಲು, ಸೂಜಿಯ ನೋವಿಗಿಂತ ಮೊದಲು ನನಗೆ ನೆನಪಿಗೆ ಬರುವುದು ಹೊಟ್ಟೆಕಿಚ್ಚು. ಕ್ಷಯ ಎದೆಯಲ್ಲಿ ಇತ್ತು, ಔಷಧಿಗೆ ಹೋಯಿತು. ಇದು ಅದರ ಪಕ್ಕದಲ್ಲೇ ಇತ್ತು, ಇದಕ್ಕೆ ಯಾರೂ ಔಷಧಿ ಕೊಡಲಿಲ್ಲ. ನನ್ನ ಹಾಗೆ ಹಾಸಿಗೆ ಹಿಡಿದ ಹೆಂಗಸು ಯಾರಾದರೂ ಇದನ್ನು ಓದಿದರೆ, ಎಲ್ಲರ ಮೇಲೂ ಹೊಟ್ಟೆ ಉರಿಯುತ್ತದಲ್ಲ ಎಂದು ತನ್ನನ್ನು ತಾನೇ ಹಳಿದುಕೊಳ್ಳದಿರಲಿ ಎಂದು ಬರೆಯುತ್ತಿದ್ದೇನೆ.

ಅರಸೀಕೆರೆಯಲ್ಲಿ ನಮ್ಮ ಮನೆ. ಯಜಮಾನರಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಮನೆಯಲ್ಲಿ ಅತ್ತೆ, ನಾನು, ಒಬ್ಬಳೇ ಮಗಳು ಪದ್ದು. ಆಗ ಅವಳು ಒಂದನೇ ಕ್ಲಾಸಿಗೆ ಸೇರಿದ್ದಳು. ಚಳಿಗಾಲದಲ್ಲಿ ಹಿಡಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಶುಂಠಿ, ಮೆಣಸು, ತುಳಸಿ, ಎಲ್ಲ ಆಯಿತು. ಒಂದು ಬೆಳಿಗ್ಗೆ ಒಲೆ ಊದಿ, ಊದುಕೊಳವೆ ಕೆಳಗಿಟ್ಟು, ಅಕ್ಕಿ ತೊಳೆಯಲು ಎದ್ದೆ. ಅತ್ತೆ ಕೊಳವೆಯನ್ನೇ ನೋಡುತ್ತಿದ್ದರು. ಅದರ ಬಾಯಿಗೆ ಕುಂಕುಮ ಮೆತ್ತಿದ ಹಾಗೆ ಕೆಂಪಗೆ ಅಂಟಿತ್ತು.

"ಜಾನಕಿ, ಬಾಯಿ ತೋರಿಸು" ಎಂದರು. ತೋರಿಸಿದೆ. ಅವರು ಕೊಳವೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ಹಿತ್ತಲಿನ ಬೇಲಿಯಾಚೆ ಎಸೆದು ಬಂದರು. ಡಾಕ್ಟರು ಹೇಳುವ ಮೊದಲೇ ನನಗೆ ಅಷ್ಟರಲ್ಲಿ ಗೊತ್ತಾಯಿತು.

ಆಸ್ಪತ್ರೆಯ ಬೆಂಚಿನಲ್ಲಿ ಯಜಮಾನರು ನನ್ನಿಂದ ಒಂದು ಆಳು ಕೂರುವಷ್ಟು ಜಾಗ ಬಿಟ್ಟು ಕುಳಿತರು. ಆ ಜಾಗದಲ್ಲಿ ಯಾವಳೋ ಬಸುರಿ ಬಂದು ಕುಳಿತಳು. ನನ್ನ ಸೀರೆಯ ಸೆರಗು ಅವಳಿಗೆ ತಾಗುತ್ತಿತ್ತು, ಅವಳಿಗೆ ಏನೂ ಗೊತ್ತಿರಲಿಲ್ಲ. ಸೆರಗನ್ನು ಎಳೆದುಕೊಂಡೆ. ತುಂಬಿದ ಹೊಟ್ಟೆ, ಬಾಯಲ್ಲಿ ಎಲೆ ಅಡಿಕೆ, ಕೆಂಪು ತುಟಿ. ಇವಳ ಬಾಯಿ ಕೆಂಪಾದರೆ ಚೆಂದ, ನನ್ನ ಬಾಯಿ ಕೆಂಪಾದರೆ ಊರಾಚೆ ಅನ್ನಿಸಿತು. ಮೊದಲು ಹೊಟ್ಟೆ ಉರಿದದ್ದು ಅವಳ ಮೇಲೆ.

ದೂರದ ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ ಕಥೆಯನ್ನು ಬೆಳೆಸುವುದಿಲ್ಲ. ಮಲಗಿದ್ದೆ, ಅಷ್ಟೆ. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುವ ಸೂಜಿ ಚುಚ್ಚಿದರು, ಹೊಟ್ಟೆ ತೊಳಸುವ ಪುಡಿ ನುಂಗಿಸಿದರು. ಪಕ್ಕದ ಮಂಚ ಖಾಲಿಯಾದಾಗಲೆಲ್ಲ, ನಾನು ಇನ್ನೂ ಇದ್ದೇನೆ ಎನ್ನುವ ಹಾಗೆ ಬೆಳಗಿನ ಕಾಫಿ ಲೋಟ ನನ್ನ ಕೈಗೆ ಬರುತ್ತಿತ್ತಲ್ಲ, ಅದನ್ನೇ ಕೃಪೆ ಎಂದುಕೊಂಡೆ. ಕೊನೆಗೆ ಕಫ ಶುದ್ಧವಾಗಿದೆ, ಇನ್ನು ನಿಮ್ಮಿಂದ ಯಾರಿಗೂ ಅಂಟುವುದಿಲ್ಲ, ಸೂಜಿ ಮಾತ್ರ ಇನ್ನೂ ಕೆಲವು ತಿಂಗಳು ಹಾಕಿಸಿಕೊಳ್ಳಬೇಕು ಎಂದು ಹೇಳಿ ಕಳಿಸಿದರು.

ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದಾಗ ಯಜಮಾನರು ಒಬ್ಬರೇ ಬಂದಿದ್ದರು. ಜಟಕಾ ನಮ್ಮ ಬೀದಿಯ ಕಡೆ ತಿರುಗಲಿಲ್ಲ.

"ಸೂಜಿ ಮುಗೀಲಿ ಅಂತಾರೆ ಅಮ್ಮ. ಮಗು ಇರೋ ಮನೆ. ನೀನೂ ಯೋಚನೆ ಮಾಡು" ಎಂದರು.

"ಡಾಕ್ಟ್ರು ಅಂಟಲ್ಲ ಅಂದಿದಾರಲ್ಲ?"

"ಅಂದಿದಾರೆ. ಅಮ್ಮನಿಗೆ ಅವರು ಬಂದು ಹೇಳ್ಬೇಕಲ್ಲ."

ಹೀಗೆ ನಾನು ಆ ಮನೆಗೆ ಬಂದೆ. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು, ಹೆಂಡತಿ ಇದೇ ರೋಗದಲ್ಲಿ ತೀರಿಕೊಂಡ ಮೇಲೆ, ತಮ್ಮ ಹಳೆಯ ಮನೆಯನ್ನು ಗುಣವಾಗುತ್ತಿರುವ ಹೆಂಗಸರಿಗೆ ಬಿಟ್ಟುಕೊಟ್ಟಿದ್ದರು. ನಮ್ಮನ್ನು ನೋಡಿಕೊಳ್ಳಲು ರೂತಮ್ಮ ಎಂಬ ವಯಸ್ಸಾದ ನರ್ಸು. ಸಂಸಾರವಂದಿಗರ ಬೀದಿಯ ಮಧ್ಯದಲ್ಲಿ, ಆಂಜನೇಯನ ಗುಡಿಯ ಪಕ್ಕದಲ್ಲಿ ಮನೆ. ಬೀದಿಯವರು ಇಟ್ಟ ಹೆಸರು 'ಕೆಮ್ಮಿನ ಮನೆ'. ನಾವು ಐದಾರು ಮಂದಿ ಇದ್ದೆವು, ನಮ್ಮಲ್ಲಿ ಕೆಮ್ಮುವವರು ಯಾರೂ ಇರಲಿಲ್ಲ. ಎದುರು ಮನೆಯ ಮೇಷ್ಟರು ಮಾತ್ರ ನಶ್ಯ ಏರಿಸಿ ಬೆಳಗ್ಗಿನಿಂದ ಸಂಜೆವರೆಗೆ ಕೆಮ್ಮುತ್ತಿದ್ದರು.

ನನ್ನ ಪಕ್ಕದ ಮಂಚ ಗಂಡಸಿ ಕಡೆಯ ಗೌರಮ್ಮನದು. ತೆಂಗಿನ ತೋಟದವರು, ಲಿಂಗವಂತರು, ಬಾಯಿ ಜೋರು. ಅವಳ ಗಂಡ ಸಂತೆಯ ದಿನ ಬಸ್ಸಿನಲ್ಲಿ ಬಂದು, ಎಳನೀರು ಕೊಚ್ಚಿ ಕೊಟ್ಟು, ಅವಳ ಮಂಚದ ಮೇಲೇ ಕುಳಿತು, ಅವಳ ತಟ್ಟೆಯಲ್ಲೇ ರೊಟ್ಟಿ ಮುರಿದು ತಿಂದು ಹೋಗುತ್ತಿದ್ದ. ನಮ್ಮ ಯಜಮಾನರು ಭಾನುವಾರ ಬೀದಿಯವರ ಕಣ್ಣಿಗೆ ಬೀಳದ ಹಾಗೆ ಹಿತ್ತಲ ಗೇಟಿನ ಹೊರಗೆ ನಿಂತು, ಬಾಳೆಹಣ್ಣನ್ನು ಸರಳಿನ ಸಂದಿಯಲ್ಲಿ ಕೊಟ್ಟು, ಕಚೇರಿಯ ಸಮಾಚಾರ ಹೇಳುತ್ತಿದ್ದರು. ಆದರೂ ಹೊರಡುವ ಮುನ್ನ ನಾನು ಹಿಡಿದ ಸರಳಿನ ಪಕ್ಕದ ಸರಳನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲುತ್ತಿದ್ದರು. ಅದನ್ನು ಕೃಪೆಯ ಲೆಕ್ಕಕ್ಕೆ ಹಾಕಿಕೊಂಡೆ. ಗೌರಮ್ಮನ ತಟ್ಟೆಯನ್ನು ನೋಡಿದಾಗ ಲೆಕ್ಕ ಮರೆತುಹೋಗುತ್ತಿತ್ತು.

ದೊಡ್ಡ ಕೃಪೆಯೆಂದರೆ ಕಿಟಕಿ. ನಮ್ಮ ಮನೆ ಅಲ್ಲಿಂದ ಎರಡೇ ಬೀದಿ ಆಚೆ, ಪದ್ದು ಸ್ಕೂಲಿಗೆ ಹೋಗುವ ದಾರಿ ಇದೇ. ಬೆಳಿಗ್ಗೆ ಸ್ಕೂಲಿನ ಗಂಟೆಗೆ ಮುಂಚೆ, ಸಾಯಂಕಾಲ ಗಂಟೆಯಾದ ಮೇಲೆ, ಮಗಳು ನನ್ನ ಕಣ್ಣ ಮುಂದೆ ಹಾದುಹೋಗುತ್ತಿದ್ದಳು. ನಾನು ಸೂಜಿಯ ನೋವು, ಪುಡಿಯ ಕಹಿ ಸಹಿಸಿಕೊಂಡು ಬದುಕಿದ್ದು ಆ ಎರಡು ಹೊತ್ತಿಗಾಗಿ.

ಅವಳನ್ನು ಕರೆದುಕೊಂಡು ಹೋಗುತ್ತಿದ್ದವಳು ಕಮಲು, ನನ್ನ ತಂಗಿ. ಮದುವೆಗೆ ಬಂದ ಹುಡುಗಿ. ನಾನು ಮಲಗಿದ ಮೇಲೆ ಮನೆ ನೋಡಿಕೊಳ್ಳಲೆಂದು ಬೇಲೂರಿನಿಂದ ಬಂದಿದ್ದಳು. ಮೊದಲ ದಿನ ಕಿಟಕಿಯಿಂದ ನೋಡಿದೆ. ಪದ್ದುವಿನ ತಲೆಗೆ ಎಣ್ಣೆ ಹಾಕಿ, ನೆತ್ತಿಯಿಂದ ನೇರವಾಗಿ ಬೈತಲೆ ತೆಗೆದು, ಎರಡು ಜಡೆ ಹೆಣೆದು, ಮಡಚಿ ರಿಬ್ಬನ್ ಕಟ್ಟಿ, ಕನಕಾಂಬರ ಮುಡಿಸಿದ್ದಳು. ಆ ಬೈತಲೆ ನೂಲು ಹಿಡಿದ ಹಾಗಿತ್ತು. ನನ್ನ ಕೈಯಲ್ಲಿ ಅದು ಯಾವತ್ತೂ ನೆಟ್ಟಗೆ ಬಂದದ್ದಿಲ್ಲ. ಪದ್ದು ಕಿಟಕಿಯತ್ತ ಕೈ ಎತ್ತಿದಳು. ಕಮಲು ಆ ಕೈಯನ್ನು ಹಿಡಿದು ಇಳಿಸಿ, ಮಗುವನ್ನು ರಸ್ತೆಯ ಆಚೆ ಬದಿಗೆ ಎಳೆದುಕೊಂಡು ಹೋದಳು. ಹೋಗುವಾಗ ನೋಡಿದೆ, ಉಟ್ಟದ್ದು ನನ್ನ ನೀಲಿ ಸೀರೆ.

"ಯಾರದು?" ಎಂದಳು ಗೌರಮ್ಮ.

"ನನ್ನ ಮಗಳು."

"ಅದು ಕಾಣ್ತೈತೆ. ಆ ನೀಲಿ ಸೀರೆ ಯಾರು?"

"ತಂಗಿ."

"ಸ್ವಂತದೋಳಾ? ಹೂಂ. ಬೇಗ ವಾಸಿ ಮಾಡ್ಕೊಳ್ರವ್ವ, ಜಾನ್ಕಮ್ನೋರೆ."

ಅವಳು ತಮಾಷೆಗೆ ಅಂದದ್ದು. ನನಗೆ ಅದು ತಮಾಷೆಯಾಗಲಿಲ್ಲ. ಅಕ್ಕ ಸತ್ತರೆ ತಂಗಿಯನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಮಗುವಿಗೆ ಹೊಂದಿಕೊಂಡವಳು, ಅಡಿಗೆಮನೆ ಗೊತ್ತಿರುವವಳು. ಅತ್ತೆಯ ಬಾಯಲ್ಲಿ ಆ ಮಾತು ಬಂದಿತ್ತೋ ಇಲ್ಲವೋ, ನನ್ನ ಕಿವಿಗೆ ದಿನವೂ ಬೀಳುತ್ತಿತ್ತು.

ಬೀದಿಯ ರೀತಿ ಹೀಗಿತ್ತು. ಹಾಲಿನವನು ನಮ್ಮ ಪಾತ್ರೆಗೆ ಮಾರುದ್ದದಿಂದ ಹಾಲು ಸುರಿಯುತ್ತಿದ್ದ, ನೊರೆಯೇ ಹೆಚ್ಚು. ಸೊಪ್ಪಿನವಳು ಕಟ್ಟನ್ನು ಗೇಟಿನ ಮೇಲೆ ನೇತುಹಾಕಿ ಕೂಗಿ ಹೋಗುತ್ತಿದ್ದಳು. ನಾವು ಒಗೆದು ಹಾಕಿದ ಸೀರೆ ಗಾಳಿಗೆ ಪಕ್ಕದ ಹಿತ್ತಲಿಗೆ ಹಾರಿಬಿದ್ದರೆ ಅದನ್ನು ಕೋಲಿನಲ್ಲಿ ಎತ್ತಿ ಎಸೆಯುತ್ತಿದ್ದರು. ಮಕ್ಕಳು ಒಂದು ಆಟ ಕಟ್ಟಿಕೊಂಡಿದ್ದವು: ನಮ್ಮ ಮನೆಯ ಈ ಕಡೆಯ ದೀಪದ ಕಂಬದಿಂದ ಆ ಕಡೆಯ ಕಂಬದವರೆಗೆ ಉಸಿರು ಹಿಡಿದು ಓಡುವುದು. ನಡುವೆ ಉಸಿರು ಬಿಟ್ಟವರು ಸತ್ತ ಹಾಗೆ. ಕೆನ್ನೆ ಉಬ್ಬಿಸಿಕೊಂಡು ಓಡಿ, ಆಚೆ ಕಂಬ ಹಿಡಿದು, ಹಾ ಎಂದು ನಗುತ್ತಿದ್ದವು. ಮಕ್ಕಳ ಆಟವಲ್ಲವೆ ಎಂದು ನಾವೂ ನಗುತ್ತಿದ್ದೆವು.

ಒಂದು ಸಂಜೆ ಆ ಗುಂಪಿನಲ್ಲಿ ಪದ್ದುವೂ ಓಡಿದಳು. ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಜಡೆಗಳು ಹಾರುತ್ತ. ಆಚೆ ಕಂಬ ಮುಟ್ಟಿ ಉಸಿರು ಬಿಟ್ಟಳು. ಕಿಟಕಿಯ ಕಡೆ ನೋಡಲಿಲ್ಲ. ನಾನು ಹಾಸಿಗೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದೆ. ಗೌರಮ್ಮ ಅವತ್ತು ಏನೂ ಮಾತಾಡದೆ ನನ್ನ ಕಾಲನ್ನು ಒತ್ತುತ್ತ ಕುಳಿತಳು. ಬಾಯಿ ಜೋರಿನವಳು ಸುಮ್ಮನಿದ್ದಳಲ್ಲ, ಅದೂ ಕೃಪೆಯೇ.

ಯುಗಾದಿಯ ಸುಮಾರಿಗೆ ಬೆಕ್ಕು ಮೊಸರಿನ ಪಾತ್ರೆ ಉರುಳಿಸಿ, ಒಂದು ಚಮಚವೂ ಉಳಿಯದ ಹಾಗೆ ನೆಕ್ಕಿಬಿಟ್ಟಿತು. ಆ ಪುಡಿಯ ಔಷಧಿ ತಿಂದವರಿಗೆ ಗೊತ್ತು, ಮೊಸರನ್ನವೊಂದೇ ಹೊಟ್ಟೆಯಲ್ಲಿ ನಿಲ್ಲುವುದು. ಹಾಲಿತ್ತು. ಹೆಪ್ಪು ಇರಲಿಲ್ಲ. ಹೆಪ್ಪನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ಪಕ್ಕದ ಮನೆಯಲ್ಲಿ ಕೇಳಿ ತರುವುದು. ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಎಂದು. ಹಗಲು ಹೊತ್ತು ಇಲ್ಲವೆನ್ನುವುದಿಲ್ಲ. ಜಗಳವಾಡಿದವಳಿಗೂ ಒಂದು ಚಮಚ ಹೆಪ್ಪು ಕೊಡುತ್ತಾರೆ.

ಗೌರಮ್ಮ ಬಟ್ಟಲು ಹಿಡಿದು ಹೊರಟಳು. ಮೊದಲ ಮನೆಯವರು ಮೊಸರು ಮುಗಿದಿದೆ ಎಂದರು. ಎರಡನೆಯವರು ಬಾಗಿಲು ತೆಗೆಯಲಿಲ್ಲ. ಎದುರು ಮನೆಯಲ್ಲಿ ಮೇಷ್ಟರ ಹೆಂಡತಿ ಶೇಷಮ್ಮ ಜಗಲಿಯ ಮೇಲೇ ಇದ್ದರು. ಅವರಿಬ್ಬರ ಮಾತು ನನಗೆ ಕಿಟಕಿಯಲ್ಲಿ ಕೇಳುತ್ತಿತ್ತು.

"ಒಂದ್ ಚಮಚ ಹೆಪ್ಪಾಕ್ರವ್ವ."

"ಅಯ್ಯೋ, ದೀಪ ಹಚ್ಚಾಯ್ತಲ್ಲಮ್ಮ."

"ಹೊತ್ತು ನೆತ್ತಿ ಮ್ಯಾಲೈತೆ ಕಣವ್ವೋ! ಯಾವ ದೀಪ?"

"ನಮ್ಮನೇಲಿ ದೇವರ ಮುಂದೆ ನಂದಾದೀಪ. ಯಾವಾಗ್ಲೂ ಉರೀತಿರತ್ತೆ."

"ಅಂಗಾರೆ ನಿಮ್ಮನೆ ಲಕ್ಷ್ಮಿಗೆ ಹೊರೀಕ್ ಬರಕ್ಕೇ ಪುರುಸೊತ್ತಿಲ್ಲ ಅನ್ನಿ" ಎಂದು ಗೌರಮ್ಮ ಬರಿ ಬಟ್ಟಲು ಹಿಡಿದು ಹಿಂತಿರುಗಿದಳು. ಬಂದವಳೇ ನಕ್ಕು ನಕ್ಕು ಸುಸ್ತಾಗಿ ಕುಳಿತಳು. ರೂತಮ್ಮ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಟ್ಟರು. ಮರುದಿನ ಅದು ನೀರುನೀರಾಗಿ, ಆದರೂ ಮೊಸರೇ ಆಗಿ ನಿಂತಿತು. ಕ್ರೈಸ್ತರ ಹೆಂಗಸು ಹೆಪ್ಪು ಹಾಕಿದ್ದನ್ನು ನಾನು ಕೇಶವನ ಹೆಸರು ಹೇಳಿ ತಿಂದೆ. ಅವನು ಬೇಡವೆನ್ನಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ, ಸ್ಕೂಲಿನ ಹೊತ್ತಿಗೆ ನಾನು ಕಿಟಕಿಯಲ್ಲಿದ್ದೆ. ಕಮಲು ಪದ್ದುವನ್ನು ಒಂದು ಕೈಯಲ್ಲಿ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಬಾಳೆಲೆ ಮುಚ್ಚಿದ ತೆಂಗಿನ ಕರಟ. ನೇರವಾಗಿ ಎದುರು ಜಗಲಿಗೆ ಹೋಗಿ ಶೇಷಮ್ಮನ ಕೈಗೆ ಕೊಟ್ಟಳು.

"ನಮ್ಮನೇದು ಬರೀ ನೂಲು ನೂಲು ಆಗ್ತಿದೆ ಕಣೇ. ನಿಮ್ಮನೆ ಮೊಸರು ಕಲ್ಲಿನ ಹಾಗೆ ನಿಲ್ಲತ್ತಂತೆ. ಯಾವೂರ ಹೆಪ್ಪೇ ಇದು?"

"ಬೇಲೂರಿಂದು" ಎಂದಳು ಕಮಲು. ತಗ್ಗಿದ ದನಿಯಲ್ಲಿ ಹೇಳಿದ್ದರೂ ನನಗೆ ಕೇಳಿಸಿತು.

ಆ ಹೆಪ್ಪು ನನ್ನದು. ಮದುವೆಯಾಗಿ ಬರುವಾಗ ಅಮ್ಮ ಕರಟದಲ್ಲಿ ಹಾಕಿಕೊಟ್ಟದ್ದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಅಂದಿನಿಂದ ದಿನ ಬಿಡದೆ ಉಳಿಸಿಕೊಂಡು ಬಂದದ್ದು. ನನಗೆ ಮೆಣಸಿನಕಾಯಿ ತೊಟ್ಟು. ನನ್ನ ಹೆಪ್ಪು, ನನ್ನ ಕಣ್ಣ ಮುಂದೆ, ನನ್ನ ಮಗಳ ಕೈ ಹಿಡಿದವಳ ಕೈಯಿಂದ, ನನಗೆ ಇಲ್ಲವೆಂದವಳ ಮನೆಗೆ ಹೋಯಿತು. ಹೊಟ್ಟೆಯೊಳಗೆ ಒಲೆ ಉರಿಯಿತು ಎಂದರೆ ಅತಿಶಯವಲ್ಲ.

ಆ ಭಾನುವಾರ ಗೇಟಿನಲ್ಲಿ ಯಜಮಾನರನ್ನು ಕೇಳಿದೆ. ಅವರು ಹಣ್ಣಿನ ಸಿಪ್ಪೆ ನೋಡುತ್ತ ಹೇಳಿದರು. ಶೇಷಮ್ಮನ ಅಕ್ಕನ ಮಗ ಬಾಣಾವರದಲ್ಲಿ ರೈಲ್ವೆ ಕೆಲಸದಲ್ಲಿದ್ದಾನೆ. ಕಮಲುವಿಗೆ ಆ ಸಂಬಂಧ ತರುತ್ತಿದ್ದಾರೆ. ಮೇಷ್ಟರು ಈ ಊರಿಗೆ ವರ್ಗವಾಗಿ ಬಂದು ಸ್ವಲ್ಪ ದಿನವಾಗಿದೆಯಷ್ಟೆ, ಅವರಿಗೆ ನಮ್ಮ ಮನೆಯ ವಿಷಯ ಗೊತ್ತಿಲ್ಲ.

"ನಾನೆಲ್ಲಿದೀನಿ ಅಂತ ಹೇಳಿದೀರಿ?"

"ತೌರಿಗೆ ಹೋಗಿದಾಳೆ ಅಂತ... ಅಮ್ಮ ಹೇಳಿಬಿಟ್ಟರು."

ಆಗ ಕಮಲು ಮಗುವಿನ ಕೈ ಇಳಿಸಿ ಆಚೆ ಬದಿಗೆ ಎಳೆದುಕೊಂಡು ಹೋಗುವುದರ ಅರ್ಥ ತಿಳಿಯಿತು. ಮನೆಯಲ್ಲಿ ಹಾಗೆ ಕಟ್ಟಪ್ಪಣೆಯಾಗಿತ್ತು. ತಿಳಿದರೂ ಉರಿ ಇಳಿಯಲಿಲ್ಲ. ನಾನು ಇಲ್ಲವೇ ಇಲ್ಲ ಎಂದು ಆದ ಮೇಲೆ ಆ ಸೀರೆ, ಆ ಹೆಪ್ಪು, ಆ ಮಗು ಯಾರದಾಯಿತು?

ಗೌರಮ್ಮನಿಗೆ ಹೇಳಿದೆ. ಅವಳು ಕುಣಿದಳು. "ಈಗ್ಲೇ ಜಗಲಿ ಮ್ಯಾಲ್ ನಿಂತು ಕೂಗ್ಬಿಟ್ಟು ಬತ್ತೀನಿ, ತಡೀರಿ! ನಿಮ್ ಮೊಸ್ರು ಕೆಮ್ಮಿನ ಮನೇದು ಕಣ್ರವ್ವ ಅಂತ!"

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ತಂಗಿಯ ಮೇಲಿನ ಪ್ರೀತಿಯಿಂದ ಎಂದು ಓದುವವರು ತಿಳಿಯಬೇಡಿ. ಆ ಸಂಬಂಧ ಕೂಡಿದರೆ ಅವಳು ಬಾಣಾವರಕ್ಕೆ ಹೋಗುತ್ತಾಳೆ, ನನ್ನ ಮನೆ ಖಾಲಿ ಮಾಡುತ್ತಾಳೆ. ಆ ಮದುವೆಗಾಗಿ ನಾನು ಪಕ್ಕದ ಆಂಜನೇಯನಿಗೆ ಕಿಟಕಿಯಿಂದಲೇ ಹರಕೆ ಹೊತ್ತೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಬೀದಿಯ ಗಂಡಸರು ಸೇರಿ, ಕೆಮ್ಮಿನ ಮನೆ ಇಲ್ಲಿಂದ ಏಳಬೇಕು ಎಂದು ಸಾಹುಕಾರರಿಗೆ ಹೇಳಿಕಳಿಸಿದರು. ರೈಲ್ವೆ ಲೈನಿನ ಆಚೆ, ಊರು ಮುಗಿದ ಮೇಲೆ, ಅವರದೇ ಒಂದು ಕೊಬ್ಬರಿ ಗೋದಾಮು ಖಾಲಿ ಬಿದ್ದಿತ್ತು. ಅಲ್ಲಿಗೆ ಕಳಿಸಲಿ ಎಂದರು. ಸಾಹುಕಾರರು ಭಾನುವಾರ ಬೆಳಿಗ್ಗೆ ಬಂದು ಎಲ್ಲರ ಮಾತು ಕೇಳಿ ತೀರ್ಮಾನ ಹೇಳುವುದಾಗಿ ತಿಳಿಸಿದರು.

ಉಳಿದವರಿಗೆ ಗೋದಾಮಿನ ಇಲಿ, ಸೋರುವ ಹೆಂಚಿನ ಚಿಂತೆ. ನನಗೆ ಒಂದೇ ಚಿಂತೆ. ಆ ಗೋದಾಮಿನ ಮುಂದೆ ಯಾವ ಸ್ಕೂಲಿನ ದಾರಿಯೂ ಇರಲಿಲ್ಲ. ಕಿಟಕಿ ಹೋದರೆ ಪದ್ದು ಹೋದಳು. ಸೂಜಿ ಮುಗಿಯುವಷ್ಟರಲ್ಲಿ ಅವಳಿಗೆ ನಾನು ಯಾರು? ಆರು ವರ್ಷದ ಮಗು ಎಷ್ಟು ದಿನ ನೆನಪಿಟ್ಟುಕೊಂಡೀತು?

ಭಾನುವಾರ ಗುಡಿಯ ಕಟ್ಟೆಯ ಮೇಲೆ ಸಾಹುಕಾರರು ಊರುಗೋಲು ಹಿಡಿದು ಕುಳಿತರು. ಗಂಡಸರು ಸುತ್ತ ನಿಂತರು, ಹೆಂಗಸರು ಜಗಲಿಗಳಲ್ಲಿ. ನಾವು ಒಳಗೆ, ಕಿಟಕಿಯ ಹಿಂದೆ. ಮೇಷ್ಟರು ನಶ್ಯದ ಡಬ್ಬಿ ಜೇಬಿಗಿಟ್ಟು ಮುಂದೆ ಬಂದರು.

"ನಮಗೆ ಆ ಹೆಂಗಸರ ಮೇಲೆ ಏನೂ ದ್ವೇಷ ಇಲ್ಲ, ಸಾಹುಕಾರ್ರೇ. ಅವರೂ ನಮ್ಮ ಅಕ್ಕತಂಗೀರ ಸಮಾನ. ಆಕ್ಷೇಪಣೆ ಇರೋದು ಜಾಗದ ಮೇಲೆ ಮಾತ್ರ. ಊರಾಚೆ ಗಾಳಿ ಚೆನ್ನಾಗಿದೆ. ಅವರಿಗೂ ಅಲ್ಲೇ ಹಿತ."

"ಗಾಳಿ ಅಷ್ಟ್ ಚೆನ್ನಾಗಿದ್ರೆ ನೀವೇ ಹೋಗಿ" ಎಂದು ಗೌರಮ್ಮ ಒಳಗೆ ಗೊಣಗಿದಳು. ರೂತಮ್ಮ ಅವಳ ಸೆರಗು ಎಳೆದರು.

"ಮಕ್ಕಳ ವಿಷಯ ನೋಡಿ" ಎಂದರು ಮೇಷ್ಟರು. "ಪಾಪ, ಈ ಬೀದೀಲಿ ಉಸಿರು ಹಿಡಿದು ಓಡಾಡ್ತವೆ. ನಾನು ಹೇಳೋದು ಬೇಡ, ಮಗೂನೇ ಕೇಳಿ. ಏ ಪುಟ್ಟಿ, ಬಾ ಇಲ್ಲಿ."

ಕಮಲು ಗುಡಿಯಿಂದ ಮಂಗಳಾರತಿ ತೆಗೆದುಕೊಂಡು ಪದ್ದುವಿನ ಜೊತೆ ಆಗ ತಾನೇ ಹೊರಗೆ ಬರುತ್ತಿದ್ದಳು. ಮೇಷ್ಟರು ಪದ್ದುವಿನ ಭುಜ ಹಿಡಿದು ಎಲ್ಲರ ಮಧ್ಯೆ ನಿಲ್ಲಿಸಿದರು.

"ಆ ಮನೆ ಮುಂದೆ ಯಾಕೆ ಉಸಿರು ಹಿಡಿದು ಓಡ್ತೀಯ? ಹೆದರ್ಬೇಡ, ಹೇಳು."

ಪದ್ದು ಕಿಟಕಿಯ ಕಡೆ ನೋಡಿದಳು. ಆಮೇಲೆ ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮನ ಸೀರೆಯ ನೆರಿಗೆ ಹಿಡಿಯಲು ಕೈ ಚಾಚಿದಳು.

ಕಮಲು ಪ್ರಸಾದದ ಹೂವನ್ನು ಜಡೆಗೆ ಸಿಕ್ಕಿಸಿಕೊಂಡು, ಮಗುವನ್ನು ಮೇಷ್ಟರ ಕೈಯಿಂದ ಬಿಡಿಸಿಕೊಂಡಳು.

"ಅವಳು ಹೇಳಲ್ಲ, ನಾನು ಹೇಳ್ತೀನಿ. ಒಳಗಿರೋದು ಅವಳ ಅಮ್ಮ. ನಮ್ಮಕ್ಕ. ಮಗು ಗುರುತು ತೋರಿಸ್ಬಾರ್ದು, ಎಲ್ಲ ಮಕ್ಕಳ ಹಾಗೆ ಓಡ್ಬೇಕು ಅಂತ ನಾವೇ ಹೇಳಿಕೊಟ್ಟಿದೀವಿ."

ಜಗಲಿಯಿಂದ ಶೇಷಮ್ಮ ಇಳಿದು ಬಂದರು. "ಏನಂದೆ? ನಿಮ್ಮಕ್ಕ ತೌರಿಗೆ ಹೋಗಿದಾಳೆ ಅಂದ್ರಲ್ಲೇ!"

"ಸುಳ್ಳು ಹೇಳಿದ್ವಿ."

"ಕ್ಷಯದ ಮನೆ ಹೆಣ್ಣನ್ನ ನಮ್ಮ ತಲೆಗೆ ಕಟ್ಟೋದಕ್ಕಾ?"

"ಹೂಂ. ಅದಕ್ಕೇ" ಎಂದಳು ಕಮಲು. ಅವಳ ಮುಖ ಬಿಳಿಚಿತ್ತು, ದನಿ ಮಾತ್ರ ನೆಟ್ಟಗಿತ್ತು, ಅವಳು ತೆಗೆಯುವ ಬೈತಲೆಯ ಹಾಗೆ. "ಇನ್ನೂ ಒಂದಿದೆ ಕೇಳಿ, ಶೇಷಮ್ಮನೋರೆ. ನಿಮ್ಮ ಮನೆ ಮೊಸರು ನಮ್ಮಕ್ಕ ತಂದ ಹೆಪ್ಪಿಂದು. ಯುಗಾದಿಯಿಂದ ತಿಂತಿದೀರಿ. ನಿಮ್ಮಿಂದ ಈ ಬೀದೀಲಿ ಅರ್ಧ ಮನೆಗೆ ಹೋಗಿದೆ. ಯಾರಿಗೆ ಕೆಮ್ಮು ಬಂತು, ಹೇಳಿ."

ಸ್ಟೇಷನ್ನಿನ ಕಡೆ ಎಂಜಿನ್ನೊಂದು ಹಬೆ ಬಿಡುವುದು ಕೇಳಿಸಿತು. ಅಷ್ಟರಲ್ಲಿ ಮೇಷ್ಟರಿಗೆ ನಶ್ಯದ ಕೆಮ್ಮು ಬಂದುಬಿಡಬೇಕೆ! ತಡೆಯಲು ನೋಡಿದರು, ಆಗಲಿಲ್ಲ.

"ರೂತಮ್ಮಾರೇ, ಮೇಷ್ಟ್ರಿಗೂ ಒಂದ್ ಮಂಚ ಹಾಕ್ರಿ!" ಎಂದು ಗೌರಮ್ಮ ಕಿಟಕಿಯಿಂದ ಕೂಗಿದಳು. ಗಂಡಸರಲ್ಲಿ ಯಾರೋ ನಕ್ಕರು. ಒಬ್ಬರು ನಕ್ಕ ಮೇಲೆ ಉಳಿದವರಿಗೂ ತಡೆಯಲಾಗಲಿಲ್ಲ.

ಸಾಹುಕಾರರು ನಗಲಿಲ್ಲ. ಎದ್ದು ನಿಂತು, "ನಮ್ಮೋಳು ಸತ್ತಾಗ ಈ ಬೀದೀಲಿ ಒಬ್ರೂ ಬಾಗ್ಲು ತೆಗೀಲಿಲ್ಲ. ನಾನು ಮರ್ತಿಲ್ಲ. ಮನೆ ಎಲ್ಲೈತೋ ಅಲ್ಲೇ ಇರ್ತೈತೆ" ಎಂದು ಹೇಳಿ ಹೊರಟುಹೋದರು.

ಅದರಿಂದ ಬೀದಿ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಮಧ್ಯಾಹ್ನ ಚರಂಡಿಯಲ್ಲಿ ಬೆಳ್ಳಗೆ ಮೊಸರು ಹರಿಯಿತು. ಬೀದಿನಾಯಿಗಳು ಹಬ್ಬ ಮಾಡಿದವು. ಮರುದಿನ ಹೆಪ್ಪಿಗೆ ಬಟ್ಟಲು ಹಿಡಿದು ಹೆಂಗಸರು ಮೂರನೆಯ ಬೀದಿಗೆ ಹೋಗುತ್ತಿದ್ದುದನ್ನು ಕಿಟಕಿಯಿಂದ ನೋಡಿದೆವು. ಹಾಲಿನವನು ಮಾರುದ್ದದಿಂದಲೇ ಸುರಿದ. ಬಾಣಾವರದ ಸಂಬಂಧ ಮುರಿಯಿತು. ಅತ್ತೆ ಕಮಲುವಿನ ಜೊತೆ ಮಾತು ಬಿಟ್ಟರು.

ಬದಲಾದದ್ದು ಇಷ್ಟು. ಮರುದಿನ ಬೆಳಿಗ್ಗೆ ಕಮಲು ಆಚೆ ಬದಿಗೆ ಹೋಗಲಿಲ್ಲ. ನಮ್ಮ ಮುಂದಿನ ಗೇಟಿಗೇ ಬಂದು, ಬಾಳೆಲೆ ಮುಚ್ಚಿದ ಕರಟವನ್ನು ಸರಳಿನ ಸಂದಿಯಲ್ಲಿ ನನ್ನ ಕೈಗೆ ಕೊಟ್ಟಳು. ಪದ್ದು ಅವಳ ಹಿಂದೆ ಅವಿತು ಇಣುಕುತ್ತಿದ್ದಳು.

"ನಿನ್ನದೇ ಅಕ್ಕ, ನೀನೇ ಇಟ್ಕೋ" ಎಂದಳು.

"ಸಂಬಂಧ ಹೋಯ್ತಲ್ಲೇ."

"ಹೋದ್ರೆ ಹೋಗ್ಲಿ ಬಿಡು. ಆ ಹುಡುಗನಿಗೆ ಆಗ್ಲೇ ಬೊಕ್ಕತಲೆಯಂತೆ."

ಇಬ್ಬರೂ ನಕ್ಕೆವು. ಅವಳ ಕಣ್ಣು ಬಾತಿತ್ತು. ಅವಳನ್ನು ನೋಡಿ ನನ್ನ ಕರುಳು ಕರಗಿತು, ನಿಜ. ಅದರ ಜೊತೆಗೇ ಹಳೆಯ ಉರಿಯೂ ಎದ್ದಿತು. ನಡುಬೀದಿಯಲ್ಲಿ ನಿಂತು, ಒಳಗಿರುವುದು ನಾನು, ಈ ಮಗುವಿನ ತಾಯಿ ಎಂದು ಹೇಳಬೇಕಾದವಳು ನಾನಲ್ಲವೆ? ಆ ಮಾತನ್ನೂ ಅವಳೇ ಆಡಿದಳು, ನನಗಿಂತ ಚೆನ್ನಾಗಿ ಆಡಿದಳು.

ದೀಪಾವಳಿಗೆ ಮುಂಚೆ ನನ್ನ ಸೂಜಿ ಮುಗಿಯಿತು. ಈ ಸಲ ಜಟಕಾ ನಮ್ಮ ಬೀದಿಗೇ ತಿರುಗಿತು. ಗೌರಮ್ಮ ಗೇಟಿನ ತನಕ ಬಂದು, "ತಿರುಗಿ ನೋಡ್ಬ್ಯಾಡಿ, ಇಲ್ಲಿಗೆ ಮತ್ತೆ ಬರ್ಬ್ಯಾಡಿ" ಎಂದು ಬೈಯುವ ಹಾಗೆ ಹೇಳಿ ಕಣ್ಣೊರೆಸಿಕೊಂಡಳು. ನಾನು ಮನೆಯ ಬಾಗಿಲಿಗೆ ಬಂದಾಗ ಅತ್ತೆ ಆರತಿ ಎತ್ತಿದರು. ಒಲೆಯ ಪಕ್ಕದಲ್ಲಿ ಹೊಸ ಊದುಕೊಳವೆ ಇತ್ತು. ಅವರೇ ತರಿಸಿ ಇಟ್ಟಿದ್ದರು. ಮಾತಿನಲ್ಲಿ ಹೇಳಲು ಬಾರದವರು ಹೀಗೆ ಹೇಳುತ್ತಾರೆ.

ಕಮಲು ಮರುದಿನವೇ ಬೇಲೂರಿನ ಬಸ್ಸಿಗೆ ಹೊರಟಳು. ನೀಲಿ ಸೀರೆ ಒಗೆದು ಮಡಚಿ ಪೆಟ್ಟಿಗೆಯ ಮೇಲಿಟ್ಟಿದ್ದಳು. ನಾನು ಅದನ್ನು ಅವಳ ಚೀಲಕ್ಕೆ ತುರುಕಿದೆ. ಅವಳು ಉಟ್ಟರೇ ಚೆಂದ, ಅದೂ ನನಗೆ ಗೊತ್ತಿತ್ತು. ಮುಂದೆ ಅವಳು ಹಳೇಬೀಡಿನಲ್ಲಿ ಸೇರಿದಳು. ಗಂಡ ಅಲ್ಲಿ ಅಂಗಡಿ ಇಟ್ಟಿದ್ದಾನೆ, ಅಕ್ಕನ ವಿಷಯ ಮೊದಲೇ ಕೇಳಿಕೊಂಡು ಮದುವೆಯಾದವನು. ಬೇಸಿಗೆ ರಜಕ್ಕೆ ಪದ್ದು ಅಲ್ಲಿಗೆ ಹೋದರೆ ಕೆರೆ ಏರಿ ಬಿಟ್ಟು ಬರಲು ಅಳುತ್ತಾಳೆ. ಬಂದ ಮೇಲೂ ಒಂದು ವಾರ ಚಿಕ್ಕಮ್ಮ, ಚಿಕ್ಕಮ್ಮ. ನನಗೆ ಈಗಲೂ ಉರಿಯುತ್ತದೆ. ಕೇಶವನಿಗೆ ಕೈ ಮುಗಿದು, ಈ ಉರಿ ಪಡಲು ನನ್ನನ್ನು ಉಳಿಸಿದೆಯಲ್ಲಪ್ಪ ಎನ್ನುತ್ತೇನೆ.

ಆದರೆ ಹೇಳಬೇಕಾದ್ದು ಕಮಲು ಹೋದ ಮಾರನೆಯ ಬೆಳಿಗ್ಗೆಯ ಮಾತು. ಪದ್ದು ಎಣ್ಣೆ ಬಟ್ಟಲು, ಬಾಚಣಿಗೆ, ರಿಬ್ಬನ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜಡೆ ಹಾಕುವವರು ಬೇರೆ ಯಾರೂ ಇರಲಿಲ್ಲ. ನಾನು ಮಣೆ ತೋರಿಸಿದೆ. ಬಂದು ನನಗೆ ಬೆನ್ನು ಹಾಕಿ ಕುಳಿತಳು. ಆ ಕತ್ತು, ಆ ಕಿವಿಯ ಹಿಂದಿನ ಮಚ್ಚೆ, ಹಾಗೆಯೇ ಇದ್ದವು. ಕೂದಲು ಮಾತ್ರ ಗೇಣಿನಷ್ಟು ಬೆಳೆದಿತ್ತು, ನನ್ನ ಕೈ ತಾಗದೆ.

ಎಣ್ಣೆ ಹಚ್ಚಿದೆ. ಬೈತಲೆ ತೆಗೆದೆ, ಸೊಟ್ಟಗಾಯಿತು. ಮತ್ತೆ ತೆಗೆದೆ, ಮತ್ತೆ ಸೊಟ್ಟ. ಮಗು ಅಲುಗಾಡದೆ ಕುಳಿತಿತ್ತು. ಇಷ್ಟು ಅಲುಗಾಡದೆ ಯಾವ ಮಗುವೂ ಕೂರುವುದಿಲ್ಲವಲ್ಲ ಎಂದು ಬಗ್ಗಿ ನೋಡಿದೆ. ಎರಡೂ ಕೆನ್ನೆ ಉಬ್ಬಿತ್ತು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮುಖ ಕೆಂಪಾಗಿತ್ತು.

ಬಾಚಣಿಗೆ ಕೆಳಗಿಟ್ಟೆ.

"ಉಸಿರು ಬಿಡೇ, ಪದ್ದು" ಎಂದೆ. "ಕಂಬ ದಾಟಿ ಆಯ್ತು."

ಆಮೇಲೆ ಹಾ ಎಂದು ಬಿಟ್ಟಳು. ಬಿಟ್ಟು, ಒಂದು ಸಲ ತಿರುಗಿ ನನ್ನ ಮುಖ ನೋಡಿ, ದೊಡ್ಡದಾಗಿ ಒಳಗೆಳೆದುಕೊಂಡಳು.

"ಚಿಕ್ಕಮ್ಮ ಇಷ್ಟು ಹೊತ್ತು ಮಾಡಲ್ಲ, ಬೇಗ ಹಾಕು" ಎಂದಳು.

ನಾನು ಬೇಕೆಂದೇ ನಿಧಾನವಾಗಿ ಹೆಣೆದೆ.